ನಂಬಿಕೆಯಿಲ್ಲದವರು ಕಟ್ಟಿದ ಧರ್ಮರಾಜಕಾರಣ

ಮತೀಯ ರಾಷ್ಟ್ರವಾದದ ಮಾತು ಬಂದಾಗಲೆಲ್ಲ ನನ್ನ ನಾಸ್ತಿಕ ಗೆಳೆಯರು ಒಂದು ವಾದವನ್ನು ಮುಂದಿಡುತ್ತಾರೆ. ದೇವರ ಮೇಲಿನ ನಂಬಿಕೆ ಅತಿಯಾದಾಗ ಅದು ಉಕ್ಕಿ ರಾಜಕಾರಣಕ್ಕೆ ಹರಿಯುತ್ತದೆ, ಆದ್ದರಿಂದ ವಿಜ್ಞಾನವೂ ವಿಚಾರವೂ ಹರಡಿದಂತೆ ಈ ರಾಜಕಾರಣ ತಾನಾಗಿಯೇ ಸೊರಗುತ್ತದೆ ಎಂಬುದು ಅವರ ಲೆಕ್ಕ. ಆಸ್ತಿಕ ಗೆಳೆಯರಲ್ಲಿ ಕೆಲವರದು ಇದಕ್ಕೆ ತದ್ವಿರುದ್ಧವಾದ ವಾದ: ಇರುವುದು ಭೌತಿಕ ಜಗತ್ತು ಮಾತ್ರ ಎನ್ನುವ ಭೌತವಾದವು ಮನುಷ್ಯನನ್ನು ಬೇರು ಕಿತ್ತ ಗಿಡದಂತೆ ಮಾಡಿದೆ, ಧರ್ಮವನ್ನೂ ದೇಶವನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ಅವನಿಗೆ ಉಳಿಗಾಲ. ನಾನು ದೇವರನ್ನು ನಂಬುವವನಲ್ಲ. ಆದರೂ ಮೊದಲನೆಯ ವಾದ ನನಗೆ ಎರಡನೆಯದರಷ್ಟೇ ಪೊಳ್ಳಾಗಿ ಕಾಣುತ್ತದೆ, ಏಕೆಂದರೆ ಈ ರಾಜಕಾರಣವನ್ನು ಕಟ್ಟಿದವರು ಯಾರು, ಅದನ್ನು ಮೊದಲು ವಿರೋಧಿಸಿದವರು ಯಾರು ಎಂದು ನೋಡಿದರೆ ಎರಡೂ ಕಡೆಯವರ ಲೆಕ್ಕ ತಪ್ಪುತ್ತದೆ.

ವಿನಾಯಕ ದಾಮೋದರ ಸಾವರ್ಕರ್ 1923ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿ, ಸಿಂಧುವಿನಿಂದ ಸಮುದ್ರದವರೆಗಿನ ನೆಲವನ್ನು ಪಿತೃಭೂಮಿ ಮತ್ತು ಪುಣ್ಯಭೂಮಿ ಎಂದು ಬಗೆಯುವವನೇ ಹಿಂದೂ. ಆ ವ್ಯಾಖ್ಯೆಯಲ್ಲಿ ದೇವರಿಲ್ಲ, ವೇದಪ್ರಾಮಾಣ್ಯವಿಲ್ಲ, ಮೋಕ್ಷವಿಲ್ಲ. ಹಿಂದುತ್ವವು ಹಿಂದೂ ಮತಕ್ಕಿಂತ ದೊಡ್ಡದು, ಮತವು ಅದರ ಒಂದು ಅಂಶ ಮಾತ್ರ ಎಂದು ಅವರೇ ಸ್ಪಷ್ಟವಾಗಿ ಬರೆದರು. ಅವರ ಖಾಸಗಿ ನಿಲುವುಗಳೂ ಇದಕ್ಕೆ ಹೊಂದುವಂತಿದ್ದವು. ಹಸು ಉಪಯುಕ್ತ ಪ್ರಾಣಿ, ಅದನ್ನು ಸಾಕಬೇಕೇ ಹೊರತು ಪೂಜಿಸಬಾರದು ಎಂದರು. 1966ರಲ್ಲಿ ತೀರಿಕೊಳ್ಳುವ ಮುನ್ನ ತಮಗೆ ಶಾಸ್ತ್ರೋಕ್ತ ಕರ್ಮಗಳು ಬೇಡ, ವಿದ್ಯುತ್ ಚಿತಾಗಾರದಲ್ಲಿ ಸುಟ್ಟರೆ ಸಾಕು ಎಂದು ತಿಳಿಸಿದ್ದರು. ಒಬ್ಬ ಭೌತವಾದಿಯ ಮರಣೋತ್ತರ ಇಚ್ಛೆ ಇದಕ್ಕಿಂತ ಭಿನ್ನವಾಗಿರಲು ಕಾರಣವಿಲ್ಲ.

ಇದು ಒಬ್ಬ ವ್ಯಕ್ತಿಯ ವೈಚಿತ್ರ್ಯವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಮುಸ್ಲಿಮರಿಗೆ ಪ್ರತ್ಯೇಕ ರಾಷ್ಟ್ರ ಬೇಕೆಂದು ವಾದಿಸಿದ ಜಿನ್ನಾ ಲಂಡನ್ನಿನಲ್ಲಿ ಓದಿದ ವಕೀಲರು, ಧಾರ್ಮಿಕ ಆಚರಣೆಗೆ ಹೆಸರಾದವರಲ್ಲ. ಅದನ್ನು ವಿರೋಧಿಸಿದವರಲ್ಲಿ ದೇವಬಂದದ ಮದರಸೆಯ ಧರ್ಮವಿದ್ವಾಂಸ ಹುಸೇನ್ ಅಹ್ಮದ್ ಮದನಿ ಇದ್ದರು, ಕುರಾನಿಗೆ ಭಾಷ್ಯ ಬರೆದ ಮೌಲಾನಾ ಆಜಾದ್ ಇದ್ದರು. 1941ರಲ್ಲಿ ಜಮಾತೆ ಇಸ್ಲಾಮಿ ಎಂಬ ಧಾರ್ಮಿಕ ಸಂಘಟನೆ ಕಟ್ಟಿದ ಮೌದೂದಿ ಕೂಡ, ಇಸ್ಲಾಮಿಗೂ ರಾಷ್ಟ್ರವಾದಕ್ಕೂ ಆಗಿಬರುವುದಿಲ್ಲ ಎಂಬ ಕಾರಣ ಕೊಟ್ಟು ಮುಸ್ಲಿಂ ಲೀಗಿನ ದಾರಿಯನ್ನು ಅಂದು ಟೀಕಿಸಿದ್ದರು. ಹೀಗೆ ಕುರಾನನ್ನು ಜೀವನವಿಡೀ ಓದಿದವರು ಒಂದು ಕಡೆ, ಆ ಗ್ರಂಥವನ್ನು ಆಧರಿಸಿದ ಸಮುದಾಯವನ್ನು ರಾಷ್ಟ್ರವೆಂದು ಕರೆದವರು ಇನ್ನೊಂದು ಕಡೆ ನಿಂತರು.

ಥಿಯೋಡರ್ ಹರ್ಜ್ಲ್‌ನ ಕತೆಯೂ ಇದೇ. ಆಧುನಿಕ ಯಹೂದಿ ರಾಷ್ಟ್ರವಾದದ ಈ ಸಂಘಟಕ ಯಹೂದಿ ಆಚರಣೆಗಳಿಂದ ದೂರವಿದ್ದ ಪತ್ರಕರ್ತ. 1897ರ ಮೊದಲ ಸಮಾವೇಶವನ್ನು ಅವನು ಮ್ಯೂನಿಕ್ಕಿನಲ್ಲಿ ನಡೆಸಬೇಕೆಂದಿದ್ದಾಗ ಜರ್ಮನಿಯ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಸಂಘ ಬಹಿರಂಗವಾಗಿ ಪ್ರತಿಭಟಿಸಿತು. ಯಹೂದಿ ರಾಷ್ಟ್ರಪ್ರಭುತ್ವವನ್ನು ಸ್ಥಾಪಿಸುವ ಯತ್ನವು ಬರಲಿರುವ ರಕ್ಷಕನಾದ ಮೆಸ್ಸೀಯನ ಕುರಿತ ಧರ್ಮಗ್ರಂಥದ ವಾಗ್ದಾನಕ್ಕೆ ವಿರುದ್ಧ ಎಂಬುದು ಅವರ ಆಕ್ಷೇಪಗಳಲ್ಲೊಂದು. ಸಮಾವೇಶ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯಿತು.

ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆರಗಿನ ಉದಾಹರಣೆ ಫ್ರಾನ್ಸಿನ ಶಾರ್ಲ್ ಮೊರಾಸ್‌ನದು. ಹುಡುಗನಾಗಿದ್ದಾಗಲೇ ನಂಬಿಕೆ ಕಳೆದುಕೊಂಡ, ಅನುಭವಕ್ಕೆ ಸಿಗುವುದಷ್ಟೇ ಜ್ಞಾನ ಎನ್ನುವ ಆಗುಸ್ತ್ ಕಾಂಟ್‌ನ ಪ್ರತ್ಯಕ್ಷವಾದವನ್ನು ಮೆಚ್ಚಿದ ಈ ಲೇಖಕ, ‘ಆಕ್ಸಿಯಾಂ ಫ್ರಾಂಸೇಸ್’ ಚಳವಳಿಯ ಮೂಲಕ ಕ್ಯಾಥೊಲಿಕ್ ಚರ್ಚನ್ನು ಫ್ರೆಂಚ್ ರಾಷ್ಟ್ರದ ಬೆನ್ನೆಲುಬೆಂದು ಸಾರಿದ. ಅವನಿಗೆ ಕ್ರಿಸ್ತ ಬೇಕಾಗಿರಲಿಲ್ಲ. ಶ್ರೇಣಿ, ಶಿಸ್ತು, ಲ್ಯಾಟಿನ್ ಪರಂಪರೆ ಇವು ಬೇಕಾಗಿದ್ದವು, ಮತ್ತು ಸುವಾರ್ತೆಯಲ್ಲಿರುವ ಬಡವರ ಪರವಾದ ಉರಿಯನ್ನು ಚರ್ಚು ಇಷ್ಟು ಶತಮಾನ ಹದ್ದಿನಲ್ಲಿಟ್ಟಿತಲ್ಲ ಎಂಬುದೇ ಅವನ ಮೆಚ್ಚುಗೆಗೆ ಕಾರಣವಾಗಿತ್ತು. ಫ್ರಾನ್ಸಿನ ಅಸಂಖ್ಯ ಶ್ರದ್ಧಾವಂತರು ಅವನ ಹಿಂದೆ ಹೋದರು. 1926ರ ಕೊನೆಯಲ್ಲಿ ಪೋಪ್ ಹನ್ನೊಂದನೆಯ ಪಯಸ್ ಆ ಚಳವಳಿಯನ್ನು ಖಂಡಿಸಿ ಅದರ ಪತ್ರಿಕೆಯನ್ನು ಕ್ಯಾಥೊಲಿಕರು ಓದಬಾರದ ಬರಹಗಳ ನಿಷೇಧಿತ ಪಟ್ಟಿಗೆ ಸೇರಿಸಿದರು. ಬಳಿಕ ನಡೆದದ್ದು ಇನ್ನೂ ಸ್ವಾರಸ್ಯಕರ: ಪತ್ರಿಕೆಯನ್ನು ಬಿಡಲೊಪ್ಪದ ಕ್ಯಾಥೊಲಿಕರಿಗೆ ಸಂಸ್ಕಾರಗಳನ್ನು ನಿರಾಕರಿಸಲಾಯಿತು, ಲೂಯಿ ಬಿಯೋ ಎಂಬ ಹಿರಿಯ ದೇವತಾಶಾಸ್ತ್ರಜ್ಞ ಈ ತಕರಾರಿನಲ್ಲಿ 1927ರಲ್ಲಿ ತನ್ನ ಕಾರ್ಡಿನಲ್ ಪದವಿಯನ್ನೇ ಬಿಟ್ಟುಕೊಟ್ಟ. ಒಬ್ಬ ಅವಿಶ್ವಾಸಿಯ ರಾಷ್ಟ್ರಕ್ಕೂ ತಮ್ಮ ಪೋಪರ ಮಾತಿಗೂ ನಡುವೆ ಆಯ್ಕೆ ಬಂದಾಗ ಭಕ್ತರಲ್ಲಿ ಅನೇಕರು ಅವಿಶ್ವಾಸಿಯ ಕಡೆಗೆ ವಾಲಿದರು. 1939ರಲ್ಲಿ ಮುಂದಿನ ಪೋಪ್ ಆ ನಿಷೇಧವನ್ನು ಹಿಂತೆಗೆದುಕೊಂಡದ್ದೂ ನಿಜ. ಧರ್ಮಪೀಠಗಳ ಧೈರ್ಯಕ್ಕೂ ಅವಧಿಯಿರುತ್ತದೆ.

ಇವರನ್ನೆಲ್ಲ ಬೂಟಾಟಿಕೆಯವರೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಸಾವರ್ಕರ್ ಆಗಲಿ ಮೊರಾಸ್ ಆಗಲಿ ತಮ್ಮ ಅವಿಶ್ವಾಸವನ್ನು ಮುಚ್ಚಿಟ್ಟುಕೊಂಡವರಲ್ಲ. ಅವರ ಕೆಲಸಕ್ಕೆ ನಂಬಿಕೆ ಬೇಕಾಗಿರಲೇ ಇಲ್ಲ, ಅಷ್ಟೆ. ರಾಷ್ಟ್ರ ಕಟ್ಟಹೊರಟವನಿಗೆ ಧರ್ಮದಿಂದ ಬೇಕಾದದ್ದು ನೆಲ, ವಂಶ, ಜನಸಂಖ್ಯೆ, ಕಟ್ಟಡ, ಹೆಸರು, ಉಡುಪು ಮುಂತಾದವು. ಇವೆಲ್ಲ ಅಳೆಯಬಹುದಾದ, ಎಣಿಸಬಹುದಾದ, ನಕ್ಷೆಯಲ್ಲಿ ತೋರಿಸಬಹುದಾದ ವಸ್ತುಗಳು. ದೇವರ ಮುಂದೆ ತಾನು ಪಾಪಿ ಎಂಬ ಭಾವ, ಸಾವಿನ ನಂತರ ಲೆಕ್ಕ ಕೊಡಬೇಕೆಂಬ ಭಯ, ಶತ್ರುವೂ ಅದೇ ದೇವರ ಮಗ ಎಂಬ ಮುಜುಗರದ ಬೋಧೆ, ಇವು ಅವನಿಗೆ ಉಪಯೋಗಕ್ಕೆ ಬರುವುದಿಲ್ಲ, ಕೆಲವೊಮ್ಮೆ ಅಡ್ಡಿಯೂ ಆಗುತ್ತವೆ. ಆದ್ದರಿಂದ ಧರ್ಮದ ಹೆಸರಿನ ರಾಷ್ಟ್ರವಾದವನ್ನು ಧರ್ಮದ ಕುರಿತ ಒಂದು ಬಗೆಯ ಭೌತವಾದವೆಂದೇ ನಾನು ಓದುತ್ತೇನೆ. ಅದು ಚರವಾಗಿದ್ದ ನಂಬಿಕೆಯನ್ನು ಸ್ಥಾವರದ ಆಸ್ತಿಯನ್ನಾಗಿ ಮಾಡಿ, ಆ ಆಸ್ತಿಗೆ ಹಕ್ಕುಪತ್ರ ಬರೆಯುತ್ತದೆ.

ಹೀಗೆ ಬರೆಯುವಾಗ ಪದಗಳ ಮೇಲೆ ಎಂಥ ಕಸರತ್ತು ನಡೆಯುತ್ತದೆ ಎಂಬುದಕ್ಕೆ 1948ರ ಮೇ 14ರ ಇಸ್ರೇಲಿನ ಸ್ವಾತಂತ್ರ್ಯ ಘೋಷಣೆಯನ್ನು ನೋಡಬಹುದು. ಘೋಷಣೆಯಲ್ಲಿ ದೇವರ ಹೆಸರು ಇರಲೇಬೇಕೆಂದು ಧಾರ್ಮಿಕ ಪಕ್ಷದ ರಬ್ಬಿ ಮೈಮೋನ್ ಪಟ್ಟು ಹಿಡಿದರು. ತಾನು ನಂಬದ ದೇವರ ಹೆಸರಿನ ಕೆಳಗೆ ಸಹಿ ಹಾಕಲಾರೆ ಎಂದು ಎಡಪಕ್ಷದ ಜಿಸ್ಲಿಂಗ್ ಹಟ ಮಾಡಿದರು. ಕೊನೆಗೆ ಮೊದಲ ಪ್ರಧಾನಿಯಾದ ಬೆನ್ ಗುರಿಯನ್ ‘ಇಸ್ರೇಲಿನ ಬಂಡೆ’ ಎಂಬ ಹಳೆಯ ನುಡಿಯನ್ನು ಉಳಿಸಿ ಇಬ್ಬರನ್ನೂ ಒಪ್ಪಿಸಿದರು. ಭಕ್ತನು ಅದನ್ನು ಪರಮಾತ್ಮನೆಂದು ಓದಿಕೊಳ್ಳಬಹುದಿತ್ತು, ಸಮಾಜವಾದಿಯು ಜನಾಂಗದ ಬಲವೆಂದು ಓದಿಕೊಳ್ಳಬಹುದಿತ್ತು, ಮತ್ತು ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡದೆಯೇ ಪ್ರಭುತ್ವ ಹುಟ್ಟಬಲ್ಲದು ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸುವ ಇನ್ನೊಂದು ಸಂದರ್ಭ ನನಗೆ ಗೊತ್ತಿಲ್ಲ.

ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಈ ವಿದ್ಯೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದಿತು. ಆ ನಾಡಿನ ಹಳೆಯ ದೇವತಾರಾಧನೆಯಾದ ಶಿಂಟೋದ ದೇಗುಲಗಳಲ್ಲಿ ನಡೆಯುವುದು ಧರ್ಮವೇ ಅಲ್ಲ, ಅದು ಪ್ರಜೆಯ ಕರ್ತವ್ಯ ಎಂದು ಅದು ನಿರ್ಧರಿಸಿತು. 1900ರಲ್ಲಿ ಗೃಹಖಾತೆಯಲ್ಲಿ ದೇಗುಲಗಳಿಗೊಂದು, ಧರ್ಮಗಳಿಗೊಂದು ಎಂದು ಬೇರೆ ಬೇರೆ ವಿಭಾಗಗಳೇ ಆದವು. ಧರ್ಮವಲ್ಲವೆಂದ ಮೇಲೆ ಮತಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ನಿರಾಕರಿಸುವ ಹಕ್ಕು ಯಾರಿಗೂ ಉಳಿಯಲಿಲ್ಲ.

ಇದಕ್ಕೆ ಮೊದಲೇ, 1891ರ ಜನವರಿ 9ರಂದು, ಟೋಕಿಯೋದ ಪ್ರತಿಷ್ಠಿತ ವಿದ್ಯಾಸಂಸ್ಥೆಯೊಂದರಲ್ಲಿ ಈ ವ್ಯವಸ್ಥೆಯ ಹೊರೆಯೆಲ್ಲ ಒಬ್ಬ ಅಧ್ಯಾಪಕನ ಬೆನ್ನುಮೂಳೆಯ ಮೇಲೆ ಬಿತ್ತು. ಹಿಂದಿನ ವರ್ಷ ಹೊರಡಿಸಿದ್ದ ಶಿಕ್ಷಣ ಕುರಿತ ರಾಜಶಾಸನದ ಪ್ರತಿಯನ್ನು, ಚಕ್ರವರ್ತಿಯ ಸಹಿಯಿದ್ದ ಪ್ರತಿಯನ್ನು, ವೇದಿಕೆಯ ಮೇಲಿಟ್ಟು, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಹೋಗಿ ಅದರ ಮುಂದೆ ಆಳವಾಗಿ ಬಾಗಬೇಕಿತ್ತು. ಉಚಿಮುರಾ ಕಾನ್ಜೋ ಎಂಬ ಕ್ರೈಸ್ತ ಅಧ್ಯಾಪಕ ತನ್ನ ಸರದಿ ಬಂದಾಗ ಅನುಮಾನಿಸಿದ, ತಲೆಯನ್ನು ತುಸುವೇ ಬಾಗಿಸಿದ. ವಿದ್ಯಾರ್ಥಿಗಳೂ ಪತ್ರಿಕೆಗಳೂ ಅವನನ್ನು ದೇಶದ್ರೋಹಿ ಎಂದು ಜರೆದವು. ಇದು ಪೂಜೆಯಲ್ಲ, ಬರಿಯ ಗೌರವ ಎಂದು ಮುಖ್ಯಸ್ಥರು ತಿಳಿಹೇಳಿದ ಮೇಲೆ ಅವನು ಬಾಗಲು ಒಪ್ಪಿಕೊಂಡದ್ದೂ ಉಂಟು. ಅಷ್ಟರಲ್ಲಿ ಕಾಯಿಲೆ ಬಿದ್ದುದರಿಂದ ಅವನ ಪರವಾಗಿ ಸಹೋದ್ಯೋಗಿಯೊಬ್ಬ ಬಾಗಿದ. ಆದರೂ ಕೆಲಸ ಉಳಿಯಲಿಲ್ಲ. ಬಗ್ಗಿದ ಕೋನ ಎಷ್ಟು ಎಂಬುದರ ಮೇಲೆ ದೇಶಭಕ್ತಿಯನ್ನು ಅಳೆಯುವ ಈ ಕ್ರಮಕ್ಕಿಂತ ಶುದ್ಧವಾದ ಭೌತವಾದ ಯಾವುದಿದ್ದೀತು?

ಉಚಿಮುರಾಗೆ ದೇಶದ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ತಾನು ಪ್ರೀತಿಸುವುದು ಎರಡನ್ನು ಮಾತ್ರ, ಯೇಸುವನ್ನು ಮತ್ತು ಜಪಾನನ್ನು, ಎಂದು ಬರೆದವನು ಅವನು. ರಷ್ಯಾದ ಮೇಲಿನ ಯುದ್ಧವನ್ನು ವಿರೋಧಿಸಿದವನೂ ಅವನೇ. ಅವನ ಸಮಾಧಿಯ ಮೇಲಿನ ಬರಹದ ಪ್ರಕಾರ ಅವನು ಜಪಾನಿಗಾಗಿ, ಜಪಾನ್ ಜಗತ್ತಿಗಾಗಿ, ಜಗತ್ತು ಕ್ರಿಸ್ತನಿಗಾಗಿ, ಎಲ್ಲವೂ ದೇವರಿಗಾಗಿ. ಈ ಸರಪಳಿಯಲ್ಲಿ ರಾಷ್ಟ್ರವು ನಡುವಿನ ಒಂದು ಕೊಂಡಿ. ರಾಷ್ಟ್ರವಾದಕ್ಕೆ ಸಹಿಸಲಾಗದ್ದು ಇದೊಂದೇ. ಅದು ನಾಸ್ತಿಕನನ್ನು ಸಹಿಸೀತು, ಪರಧರ್ಮದವನನ್ನೂ ಷರತ್ತಿನ ಮೇಲೆ ಸಹಿಸೀತು. ತನ್ನ ಮೇಲೊಂದು ನ್ಯಾಯಾಲಯವಿದೆ ಎಂದು ಪ್ರಾಮಾಣಿಕವಾಗಿ ನಂಬಿದವನನ್ನು ಸಹಿಸಿಕೊಳ್ಳುವುದು ಅದಕ್ಕೆ ಕಷ್ಟ.

ಇಷ್ಟು ಹೇಳಿದರೆ ಭೌತವಾದಿಗಳು ಈ ರೋಗದಿಂದ ಹೊರಗಿದ್ದಾರೆ ಎಂದು ತಿಳಿಯಬಾರದು. ಇಪ್ಪತ್ತನೆಯ ಶತಮಾನದಲ್ಲಿ ಭೌತವಾದವನ್ನು ಅಧಿಕೃತ ದರ್ಶನವನ್ನಾಗಿ ಮಾಡಿಕೊಂಡ ಪ್ರಭುತ್ವಗಳ ಇತಿಹಾಸ ನಮ್ಮಂಥವರಿಗೆ ಇರುಸುಮುರುಸು ಉಂಟುಮಾಡುವಂಥದ್ದು. ನೆಪೋಲಿಯನ್ ವಿರುದ್ಧದ ಜಯದ ನೆನಪಿಗೆ ಕಟ್ಟಿದ್ದ ಮಾಸ್ಕೋದ ಕ್ರಿಸ್ತ ರಕ್ಷಕ ಮಹಾಮಂದಿರವನ್ನು ಸೋವಿಯತ್ ಸರ್ಕಾರ 1931ರ ಡಿಸೆಂಬರಿನಲ್ಲಿ ಸಿಡಿಮದ್ದಿಟ್ಟು ಕೆಡವಿತು. ಅಲ್ಲಿ ಏಳಬೇಕಿದ್ದ ಸೋವಿಯತ್ ಅರಮನೆ ಏಳಲಿಲ್ಲ. ಮುಂದೆ ಆ ಜಾಗ ಈಜುಕೊಳವಾಯಿತು. 1937ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆಯನ್ನು ಕೇಳಲಾಯಿತು. ಭಯದ ಆ ವರ್ಷದಲ್ಲೂ, ಗಣತಿದಾರನ ಮುಖಕ್ಕೇ, ಉತ್ತರಿಸಿದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ನಂಬಿಕೆಯುಳ್ಳವರು ಎಂದರು. ಜನಸಂಖ್ಯೆಯೂ ನಾಯಕರು ಸಾರಿದ್ದಕ್ಕಿಂತ ಕಡಿಮೆ ಬಂದದ್ದರಿಂದ ಗಣತಿಯನ್ನೇ ಅಮಾನ್ಯ ಮಾಡಿ, ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಲಾಯಿತು.

ಆಮೇಲೆ ಯುದ್ಧ ಬಂತು. 1943ರ ಸೆಪ್ಟೆಂಬರ್ 4ರ ರಾತ್ರಿ ಸ್ಟಾಲಿನ್ ಮೂವರು ಹಿರಿಯ ಧರ್ಮಾಧಿಕಾರಿಗಳನ್ನು ಕ್ರೆಮ್ಲಿನ್ನಿಗೆ ಕರೆಸಿಕೊಂಡ. ನಾಲ್ಕೇ ದಿನದಲ್ಲಿ, 1925ರಿಂದ ಖಾಲಿಯಿದ್ದ ಪಿತೃಪೀಠಕ್ಕೆ, ಅಂದರೆ ರಷ್ಯದ ಆರ್ಥೊಡಾಕ್ಸ್ ಚರ್ಚಿನ ಪರಮೋಚ್ಚ ಗುರುವಿನ ಸ್ಥಾನಕ್ಕೆ, ಸೆರ್ಗಿಯಸ್ ಆಯ್ಕೆಯಾದ. ಜರ್ಮನರು ತಾವು ಹಿಡಿದ ಪ್ರದೇಶಗಳಲ್ಲಿ ಚರ್ಚುಗಳನ್ನು ತೆರೆಯಗೊಟ್ಟು ಜನರನ್ನು ಒಲಿಸಿಕೊಳ್ಳುತ್ತಿದ್ದರು, ಬ್ರಿಟನ್ ಅಮೆರಿಕಗಳ ಮನಸ್ಸನ್ನೂ ಗೆಲ್ಲಬೇಕಿತ್ತು. ಸ್ಟಾಲಿನ್‌ಗೆ ದೇವರ ಮೇಲೆ ನಂಬಿಕೆ ಮರಳಿತೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ. ಮೊರಾಸ್ ಚರ್ಚಿನಲ್ಲಿ ಕಂಡದ್ದನ್ನೇ ಅವನೂ ಕಂಡ. ಆ ಮಹಾಮಂದಿರ ಮತ್ತೆ ಎದ್ದುನಿಂತು 2000ದಲ್ಲಿ ಪ್ರತಿಷ್ಠಾಪನೆಗೊಂಡಾಗ ರಷ್ಯದ ಪ್ರಭುತ್ವ ಮತ್ತು ಚರ್ಚಿನ ನಂಟು ಯಾವ ದಿಕ್ಕಿಗೆ ಸಾಗಿತ್ತು ಎಂಬುದನ್ನು ವಿವರಿಸಬೇಕಿಲ್ಲ. 2022ರಲ್ಲಿ ಉಕ್ರೇನಿನ ಮೇಲಿನ ಯುದ್ಧಕ್ಕೆ ಮಾಸ್ಕೋದ ಪಿತೃಪೀಠದಿಂದಲೇ ಸಮರ್ಥನೆ ಬಂತು.

ಇದರ ನಡುವೆ ನನ್ನನ್ನು ಹೆಚ್ಚು ಕಾಡಿದ್ದು ಕ್ರೆಮ್ಲಿನ್ ಗೋಡೆಯ ಬದಿಯಲ್ಲಿರುವ, 1967ರ ಮೇನಲ್ಲಿ ಅನಾವರಣಗೊಂಡ ಅಜ್ಞಾತ ಯೋಧನ ಸಮಾಧಿ. ಆರದ ಜ್ವಾಲೆಯ ಮುಂದೆ, ನಿನ್ನ ಹೆಸರು ಅಜ್ಞಾತ, ನಿನ್ನ ಸಾಹಸ ಅಮರ ಎಂದು ಕೆತ್ತಲಾಗಿದೆ. ಆತ್ಮವನ್ನೂ ಪರಲೋಕವನ್ನೂ ಶಾಲೆಯ ಪಾಠದಿಂದಲೇ ತೆಗೆದುಹಾಕಿದ್ದ ಪ್ರಭುತ್ವಕ್ಕೆ ಸತ್ತವನ ಮುಂದೆ ನಿಂತಾಗ ‘ಅಮರ’ ಎಂಬ ಪದವಿಲ್ಲದೆ ಗತಿ ಇರಲಿಲ್ಲ. ಭೌತವಾದದಲ್ಲಿ ಸಾವಿಗೆ ಅರ್ಥವಿಲ್ಲ, ಕಾರಣ ಮಾತ್ರ ಇದೆ. ನಾನು ಆ ಮಾತನ್ನು ಒಪ್ಪಿ ಬದುಕುತ್ತಿದ್ದೇನೆ. ಆದರೆ ಇಪ್ಪತ್ತು ವರ್ಷದ ಮಗನನ್ನು ಯುದ್ಧಕ್ಕೆ ಕೊಟ್ಟ ತಾಯಿಗೆ ಅದನ್ನು ಹೇಳಿ ಯಾವ ಸರ್ಕಾರವೂ ಉಳಿಯದು. ದೇವರು ಖಾಲಿ ಮಾಡಿದ ಜಾಗಕ್ಕೆ ರಾಷ್ಟ್ರ ಬಂದು ಕೂರುವುದು ಇಂಥಲ್ಲಿ. ಅಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ 1967ರಲ್ಲಿ ಎಲ್ಲ ಪ್ರಾರ್ಥನಾ ಸ್ಥಳಗಳನ್ನೂ ಮುಚ್ಚಿಸಿದಾಗ ಅವನಿಗೆ ಒದಗಿಬಂದ ಘೋಷಣೆ ಹತ್ತೊಂಬತ್ತನೆಯ ಶತಮಾನದ ರಾಷ್ಟ್ರವಾದಿ ಕವಿಯೊಬ್ಬನದು: ಅಲ್ಬೇನಿಯನ್ನರ ಧರ್ಮ ಅಲ್ಬೇನಿಯನ್ನತನ. ಮಾರ್ಕ್ಸ್‌ನ ಮಾತು ಅಲ್ಲಿ ಸಾಲಲಿಲ್ಲ. ಹಾಗೆ ನೋಡಿದರೆ ಮಾರ್ಕ್ಸ್ ಸ್ವತಃ 1844ರಲ್ಲಿ ಧರ್ಮವನ್ನು ಅಫೀಮು ಎನ್ನುವ ಮುನ್ನ, ಅದೇ ಉಸಿರಿನಲ್ಲಿ, ಅದು ದಮನಿತ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಜಗತ್ತಿನ ಹೃದಯ ಎಂದೂ ಬರೆದಿದ್ದ. ಅವನ ಹೆಸರು ಹೇಳುವವರು ಆ ಮೊದಲ ಭಾಗವನ್ನು ಓದುವಾಗ ಏಕೋ ಆಕಳಿಸುತ್ತಾರೆ.

ನಂಬಿಕೆಯುಳ್ಳವರು ಈ ರಾಜಕಾರಣಕ್ಕೆ ಬಲಿಯಾದವರು ಮಾತ್ರ ಎಂದು ತೋರಿಸಹೊರಟಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದಕ್ಕೆ ನಾನು ಉತ್ತರಿಸಬೇಕು. ಅವರಲ್ಲಿ ಬಹುಪಾಲು ಮಂದಿ ಇಷ್ಟಪಟ್ಟೇ ಹೋಗುತ್ತಾರೆ. 1933ರ ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಂಗಣದಲ್ಲಿ ‘ಜರ್ಮನ್ ಕ್ರೈಸ್ತರು’ ಎಂಬ ನಾಜಿ ಪರ ಗುಂಪಿನ ಸಭೆ ನಡೆದಾಗ, ಬೈಬಲಿನಿಂದ ಹಳೆಯ ಒಡಂಬಡಿಕೆಯನ್ನೇ ಕೈಬಿಡಬೇಕೆಂದು ಭಾಷಣಕಾರ ಕೇಳಿದ. ಯಹೂದಿಗಳ ಗ್ರಂಥ ಜರ್ಮನ್ ರಾಷ್ಟ್ರಕ್ಕೆ ತಕ್ಕುದಲ್ಲವಂತೆ. ತನ್ನ ದೇವರ ಪುಸ್ತಕದ ಮುಕ್ಕಾಲು ಪಾಲನ್ನು ರಾಷ್ಟ್ರಕ್ಕಾಗಿ ಹರಿದುಹಾಕಲು ಸಿದ್ಧವಾದ ಈ ಭಕ್ತಿಯನ್ನು ಏನೆಂದು ಕರೆಯಬೇಕು? ಮುಂದಿನ ಮೇ ತಿಂಗಳಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದ ಇನ್ನೊಂದು ಗುಂಪು, ದೇವರ ವಾಕ್ಯವನ್ನು ಬಿಟ್ಟು ಬೇರೆ ಯಾವ ಘಟನೆಯನ್ನೂ ಅಧಿಕಾರವನ್ನೂ ತಮ್ಮ ಬೋಧನೆಯ ಮೂಲವೆಂದು ಒಪ್ಪುವುದಿಲ್ಲ ಎಂದು ಘೋಷಿಸಿತು. ಆ ಘೋಷಣೆಯ ಮುಖ್ಯ ಕರ್ತೃ ಕಾರ್ಲ್ ಬಾರ್ತ್, ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣ ಮಾಡಲೊಪ್ಪದೆ ಮರುವರ್ಷ ಬಾನ್‌ನ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡ. ಆದರೂ ಬಾರ್ಮೆನ್ ಘೋಷಣೆಯಲ್ಲಿ ಯಹೂದಿಗಳ ಬಗ್ಗೆ ಒಂದು ಸಾಲೂ ಇಲ್ಲ. ಅವರು ಚರ್ಚಿನ ಸ್ವಾತಂತ್ರ್ಯವನ್ನು ಕಾಪಾಡಹೊರಟರು, ನೆರೆಯವನನ್ನು ಆಮೇಲೆ ನೆನೆದರು. ನಂಬಿಕೆ ಪ್ರಭುತ್ವಕ್ಕೆ ಎದುರು ನಿಂತಾಗಲೂ ಅದು ತನಗಾಗಿ ಮಾತ್ರ ನಿಂತುಬಿಡುವ ಅಪಾಯ ಇದ್ದೇ ಇದೆ.

ಪೂರ್ವದವರಾದ ನಾವು ಆಧ್ಯಾತ್ಮಿಕರು, ಪಶ್ಚಿಮದವರು ಭೌತವಾದಿಗಳು ಎಂಬ ಹಳೆಯ ಹೆಮ್ಮೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. ಅಧ್ಯಾತ್ಮವು ಒಂದು ದೇಶದ ಸ್ವತ್ತು ಎಂದ ಗಳಿಗೆಯಲ್ಲೇ ಅದು ಮಾರುಕಟ್ಟೆಯ ಸರಕಾಗುತ್ತದೆ. ಈ ಹೆಮ್ಮೆಯ ಮೂಲಪುರುಷರೆಂದು ಎಲ್ಲರೂ ತೋರಿಸುವ ವಿವೇಕಾನಂದರೇ 1893ರ ಸೆಪ್ಟೆಂಬರ್ 20ರಂದು ಶಿಕಾಗೋದಲ್ಲಿ, ಪೂರ್ವದವರಿಗೆ ಧರ್ಮ ಸಾಕಷ್ಟಿದೆ, ಅವರು ಕೇಳುತ್ತಿರುವುದು ಅನ್ನ, ಹಸಿದವರಿಗೆ ಧರ್ಮ ಬೋಧಿಸುವುದು ಅವರಿಗೆ ಮಾಡುವ ಅವಮಾನ ಎಂದು ಹೇಳಿದ್ದು ಆ ಹೆಮ್ಮೆಯವರ ನೆನಪಿನಲ್ಲಿ ಉಳಿದಂತಿಲ್ಲ. ಅಲ್ಲದೆ ಭೌತವಾದವು ಪಶ್ಚಿಮದಿಂದ ಬಂದ ಸರಕಲ್ಲ: ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಸುಪಾಸಿನಲ್ಲಿ ರಚಿತವಾದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹ ತೊಡಗುವುದೇ ನಮ್ಮ ಹಳೆಯ ಭೌತವಾದವಾದ ಚಾರ್ವಾಕದಿಂದ. ಖಂಡಿಸುವುದಕ್ಕಾಗಿಯೇ ಆದರೂ ಅವರು ಅದನ್ನು ಒಂದು ದರ್ಶನವೆಂದು ಎದುರಿಗೆ ಕೂರಿಸಿಕೊಂಡರು; ಪರದೇಶದ ಪಿತೂರಿ ಎನ್ನಲಿಲ್ಲ.

ಹಾಗಾಗಿ ಮತೀಯ ರಾಷ್ಟ್ರವಾದವನ್ನು ಎದುರಿಸಲೆಂದು ದೇವರ ಅಸ್ತಿತ್ವದ ಮೇಲೆ ದಾಳಿ ಮಾಡುವ ನನ್ನ ಗೆಳೆಯರು ಗುರಿಯಿಲ್ಲದ ಕಡೆ ಬಾಣ ಬಿಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಆ ರಾಜಕಾರಣ ದೇವರ ಮೇಲೆ ನಿಂತಿಲ್ಲ. ದೇವರನ್ನು ಕಿತ್ತರೂ ಅದು ಬೀಳುವುದಿಲ್ಲ. ಬಾಣ ನಾಟುವುದು ಅದರ ಪಕ್ಕದಲ್ಲಿ ನಿಂತ ಸಾಮಾನ್ಯ ಭಕ್ತನಿಗೆ, ಮತ್ತು ನಾಟಿದ ಮೇಲೆ ಅವನು ಆಸರೆಗೆಂದು ಓಡುವುದು ಅದೇ ರಾಜಕಾರಣಿಯ ಮನೆಗೆ.

ಬೇರೆ ಬಗೆಯ ಸಂಬಂಧ ಸಾಧ್ಯವಿತ್ತೆಂಬುದಕ್ಕೆ ಗಾಂಧೀಜಿ ಮತ್ತು ಆಂಧ್ರದ ಗೋರಾ ಅವರ ಒಡನಾಟವೊಂದಿದೆ. ಗೋಪರಾಜು ರಾಮಚಂದ್ರ ರಾವ್, ಅಂದರೆ ಗೋರಾ, 1940ರಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿದವರು. 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯನ್ನು ಕಂಡರು. ದೇವರೇ ಸತ್ಯ ಎನ್ನುತ್ತಿದ್ದ ಗಾಂಧೀಜಿ 1931ರ ಹೊತ್ತಿಗೇ ಆ ವಾಕ್ಯವನ್ನು ತಿರುಗಿಸಿ ಸತ್ಯವೇ ದೇವರು ಎನ್ನತೊಡಗಿದ್ದರು, ಸತ್ಯವನ್ನು ನಾಸ್ತಿಕನೂ ಅಲ್ಲಗಳೆಯಲಾರ ಎಂಬ ಕಾರಣ ಕೊಟ್ಟಿದ್ದರು. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿದ ಸಮುದಾಯದ ಯುವಕನಿಗೆ ಮದುವೆ ಮಾಡಿಕೊಡಲು ಹೊರಟಾಗ, ಮದುವೆ ಆಶ್ರಮದಲ್ಲೇ ನಡೆಯಲಿ, ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಬರಲಿ ಎಂದು ಗಾಂಧೀಜಿ ಒಪ್ಪಿಕೊಂಡರು. 1948ರಲ್ಲಿ ಆ ಮದುವೆ ಸೇವಾಗ್ರಾಮದಲ್ಲಿ ನಡೆಯುವ ಹೊತ್ತಿಗೆ ಗಾಂಧೀಜಿ ಕೊಲೆಯಾಗಿದ್ದರು. ಇಬ್ಬರೂ ತಮ್ಮ ತಮ್ಮ ದರ್ಶನವನ್ನು ಕೊನೆಯವರೆಗೂ ಬಿಡಲಿಲ್ಲ, ಒಬ್ಬರನ್ನೊಬ್ಬರು ಪರಿವರ್ತಿಸಲೂ ಇಲ್ಲ. ಒಪ್ಪಂದವಾದದ್ದು ಅಸ್ಪೃಶ್ಯತೆ ಅಳಿಯಬೇಕೆಂಬ ವಿಷಯದಲ್ಲಿ. ಇದು ಇಬ್ಬರು ವ್ಯಕ್ತಿಗಳ ನಡುವೆ ನಡೆದದ್ದು, ಪಕ್ಷವೊಂದರ ಕಾರ್ಯಕ್ರಮವಾಗಿ ಬೆಳೆಯಲಿಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ‘ಇಸ್ರೇಲಿನ ಬಂಡೆ’ಯಲ್ಲಿ ಆದ ಒಪ್ಪಂದಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು: ಅಲ್ಲಿ ಎರಡೂ ಕಡೆಯವರು ತಮ್ಮ ಪ್ರಶ್ನೆಯನ್ನು ಮಸುಕುಗೊಳಿಸಿ ಪ್ರಭುತ್ವಕ್ಕೆ ಸಹಿ ಹಾಕಿದರು, ಇಲ್ಲಿ ಇಬ್ಬರೂ ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಂಡು ತಮ್ಮ ಸಮಾಜದ ಒಂದು ಅನ್ಯಾಯಕ್ಕೆ ಎದುರಾದರು.